ಹೆಸರಿಲ್ಲದ ಅಧ್ಯಕ್ಷರು

ನಾವು ಈಗಿರುವ ಎಲ್ಕ್ ಗ್ರೋವ್ ವಿಲೇಜಿನಲ್ಲಿ ನಮ್ಮ ಪಕ್ಕದ ಬೀದಿಯ ಸಿಂಧು ಬರುವ ಆಗಸ್ಟಿನಿಂದ ಹೈಸ್ಕೂಲಿನಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡಲಿದ್ದಾಳೆ. ಮೊನ್ನೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, "ಆಂಟಿ, ನೀವು ಅಷ್ಟು ವರ್ಷ ಡೆಟ್ರಾಯಿಟ್ ಕಡೆ ಟೀಚ್ ಮಾಡಿದೀರಲ್ಲ, ಪ್ರೆಸಿಡೆಂಟ್ಸ್ ಯೂನಿಟ್ ಹೇಗ್ ಮಾಡ್ತಿದ್ರಿ? ಗುಡ್ ಲೀಡರ್ ಅಂದ್ರೆ ಏನು ಅಂತ ಒಂದು ಸ್ಲೈಡ್ ಹಾಕ್ಬೇಕಂತೆ" ಎಂದು ಕೇಳಿದಳು. ಒಂದು ಸ್ಲೈಡು! ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು, ಅವಳ ಮೇಲಲ್ಲ. ಕಾಫಿ ಕೊಟ್ಟು, ಬರೆದುಕೊಡುತ್ತೇನೆ ಎಂದು ಕಳಿಸಿದೆ.

ಯಾವಾಗ ವಿಭಾಗದ ಮುಖ್ಯಸ್ಥೆಯಾದೆ, ಗೋಡೆಗೆ ಯಾವ ಫಲಕ ನೇತುಹಾಕಿದರು ಎಂಬುದೆಲ್ಲ ಇಲ್ಲಿ ಬೇಡ. ಆ ಫಲಕಗಳು ಗ್ಯಾರೇಜಿನಲ್ಲಿ ಹಿಮ ತೆಗೆಯುವ ಯಂತ್ರದ ಹಿಂದೆ ಬಿದ್ದಿವೆ. ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಯಾವ ಅಧ್ಯಕ್ಷರ ಹೆಸರೂ ಇರುವುದಿಲ್ಲ. ಹೆಸರು ಬಿಟ್ಟು ಮಾತಾಡುವುದು ನನಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ಈಗ ಹೆಸರು ಬರೆಯಲು ಹೋದರೆ ಕೈಯೇ ತಡೆಯುತ್ತದೆ.

ನಾನು ಮೈಸೂರಿನಲ್ಲಿ ಇತಿಹಾಸ ಎಂ.ಎ. ಮಾಡಿದವಳು. ಯಜಮಾನರಿಗೆ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ನಾನು ಇಲ್ಲಿನ ಟೀಚಿಂಗ್ ಲೈಸೆನ್ಸ್ ತೆಗೆದುಕೊಂಡು ಡೆಟ್ರಾಯಿಟ್ ನಗರದೊಳಗಿನ ಒಂದು ಸರ್ಕಾರಿ ಹೈಸ್ಕೂಲು ಸೇರಿದೆ. ನಮ್ಮವರು ಯಾರೂ ಆ ಕಡೆ ಡ್ರೈವ್ ಕೂಡ ಮಾಡುತ್ತಿರಲಿಲ್ಲ. "ಅಲ್ಲಿ ಯಾಕ್ರೀ ಹೋಗ್ತೀರಾ, ಐಟಿ ಕೋರ್ಸ್ ಮಾಡ್ಕೋಬಾರ್ದಾ" ಎಂದು ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು.

ಮೊದಲ ಫೆಬ್ರುವರಿಯಲ್ಲೇ ನಾನು ಎಡವಿದೆ. ಅಧ್ಯಕ್ಷರ ದಿನ ಎಂದು ಇಲ್ಲಿ ಒಂದು ರಜೆ ಇದೆ. ನನಗೆ ಗೊತ್ತಿದ್ದ ಪದ್ಧತಿ ಒಂದೇ, ಜಯಂತಿ. ಮೇಜಿನ ಮೇಲೆ ಫೋಟೋ, ಫೋಟೋಗೆ ಹಾರ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಸರಿಯಾಗಿ ಕುಂಕುಮ, ಆಮೇಲೆ ಆ ಮಹನೀಯರು ಎಷ್ಟು ದೊಡ್ಡವರು ಎಂದು ಭಾಷಣ. ಮಿಶಿಗನ್ನಿನ ಚಳಿಯಲ್ಲಿ ಚೆಂಡುಹೂ ಎಲ್ಲಿ ಸಿಗಬೇಕು? ಗಣೇಶನ ಹಬ್ಬದ ಡಬ್ಬದಿಂದ ಪ್ಲಾಸ್ಟಿಕ್ ಹಾರ ತೆಗೆದುಕೊಂಡು ಹೋಗಿ ಈ ದೇಶದ ಮೊದಲ ಅಧ್ಯಕ್ಷರಿಗೆ ಹಾಕಿದೆ. ಕುಂಕುಮವನ್ನೂ ಇಟ್ಟೆ. ಮಕ್ಕಳು ಒಳಗೆ ಬಂದು ಫೋಟೋ ನೋಡಿದರು, ನನ್ನನ್ನು ನೋಡಿದರು. ತರಗತಿಯ ತುಂಬ ಕಪ್ಪು ಮಕ್ಕಳು. ಮುಂದಿನ ಸಾಲಿನ ಒಬ್ಬ ಹುಡುಗಿ ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದಳು: "ಇವರು ಜನರನ್ನು ಇಟ್ಟುಕೊಂಡಿದ್ದರು, ಆಸ್ತಿಯ ಹಾಗೆ. ನಿಮ್ಮ ಊರಲ್ಲಿ ಅಂಥವರಿಗೆ ಹೂವು ಹಾಕುತ್ತಾರಾ?"

ಅವರಲ್ಲಿ ಗುಲಾಮರಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ ಎಂದಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹಾರ ಹಾಕುವಾಗ ಅದು ತಲೆಗೆ ಬರಲಿಲ್ಲ, ಅಷ್ಟೆ. ಅದೇ ಮನುಷ್ಯ ಎರಡು ಅವಧಿ ಮುಗಿಸಿ, ಇನ್ನೂ ಇರಿ ಎಂದು ಜನ ಕೇಳುತ್ತಿದ್ದರೂ ಕುರ್ಚಿ ಬಿಟ್ಟು ಊರಿಗೆ ಹೋದದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಗೆ ಹೇಳುವುದು ಎಂದು ಇಡೀ ವರ್ಷ ತಲೆ ಕೆಡಿಸಿಕೊಂಡೆ. ಮುಂದಿನ ಫೆಬ್ರುವರಿಗೆ ಒಂದು ಉಪಾಯ ಹೊಳೆಯಿತು. ಫೋಟೋ ಇಲ್ಲ, ಹೆಸರಿಲ್ಲ. ಒಂದು ಕಾರ್ಡು, ಅದರ ಮೇಲೆ ಒಬ್ಬ ಅಧ್ಯಕ್ಷ ಮಾಡಿದ ಕೆಲಸ ಮಾತ್ರ. ಒಬ್ಬೊಬ್ಬ ಅಧ್ಯಕ್ಷರಿಗೆ ಎರಡೆರಡು ಕಾರ್ಡು. ಎರಡೂ ಒಬ್ಬರವೇ ಎಂದು ಮಕ್ಕಳಿಗೆ ಹೇಳುತ್ತಿರಲಿಲ್ಲ. ತೀರಿಕೊಂಡವರನ್ನು ಬಿಟ್ಟು ಬೇರೆಯವರನ್ನು ಮುಟ್ಟುತ್ತಿರಲಿಲ್ಲ. ಮಕ್ಕಳು ಪ್ರತಿ ಕಾರ್ಡಿಗೂ ಇವರು ಒಳ್ಳೆಯ ನಾಯಕರೋ ಅಲ್ಲವೋ ಎಂದು ತೀರ್ಪು ಬರೆಯಬೇಕು. ತೀರ್ಪಿಗೆ ಅಂಕವಿಲ್ಲ, ಕೊಟ್ಟ ಕಾರಣಕ್ಕೆ ಅಂಕ.

ಒಂದು ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಮುಂದಿನ ಗಲಾಟೆಯೆಲ್ಲ ಈ ಜೋಡಿಯಿಂದಲೇ ಆದದ್ದು. ಒಂದು ಕಾರ್ಡಿನಲ್ಲಿ: ಬ್ಯಾಂಕುಗಳು ಮುಳುಗುತ್ತಿದ್ದಾಗ ಕೆಲವು ದಿನ ಎಲ್ಲ ಬ್ಯಾಂಕು ಮುಚ್ಚಿಸಿ, ರೇಡಿಯೋದಲ್ಲಿ ಸರಳ ಮಾತಿನಲ್ಲಿ ವಿವರಿಸಿ, ಜನರಿಗೆ ಧೈರ್ಯ ತುಂಬಿದ, ಕೆಲಸವಿಲ್ಲದವರಿಗೆ ಕೆಲಸ, ಮುದುಕರಿಗೆ ಪಿಂಚಣಿ ತಂದ. ಇನ್ನೊಂದರಲ್ಲಿ: ಯುದ್ಧ ಬಂದಾಗ ಒಂದೇ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ಪ್ರಜೆಗಳು, ಮನೆ ಅಂಗಡಿ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿಸಿದ. ಮಕ್ಕಳು ಮೊದಲನೆಯವನನ್ನು ತಲೆ ಮೇಲೆ ಹೊತ್ತು ಕುಣಿಯುತ್ತಿದ್ದರು. ಎರಡನೆಯವನನ್ನು ಜೈಲಿಗೆ ಹಾಕಿ ಎನ್ನುತ್ತಿದ್ದರು. ಆಮೇಲೆ ನಾನು ಎರಡೂ ಕಾರ್ಡಿನ ಹಿಂದೆ ಗಾಲಿಕುರ್ಚಿಯಲ್ಲಿ ಕೂತ ಒಬ್ಬರೇ ಅಧ್ಯಕ್ಷರ ಚಿತ್ರ ಅಂಟಿಸುತ್ತಿದ್ದೆ. ಆಗ ಮಕ್ಕಳು ತಾವೇ ಬರೆದ ಎರಡು ತೀರ್ಪನ್ನು ಮತ್ತೆ ಓದಿಕೊಳ್ಳುತ್ತಿದ್ದರಲ್ಲ, ಆ ಗಳಿಗೆಗಾಗಿಯೇ ನಾನು ಅಷ್ಟು ವರ್ಷ ಕೆಲಸ ಮಾಡಿದೆ ಎಂದು ಈಗ ಅನಿಸುತ್ತದೆ.

ಸಿಂಧು, ಮಕ್ಕಳ ತೀರ್ಪು ಕೇಳಿ ನೀನು ಖುಷಿಪಡುತ್ತೀಯ ಎಂದುಕೊಳ್ಳಬೇಡ. ಕಡಲೆಕಾಯಿ ಬೆಳೆಯುತ್ತಿದ್ದ ಒಬ್ಬ ಅಧ್ಯಕ್ಷ, ಇಂಧನ ಸಾಲದು, ಮನೆಯ ಹೀಟರ್ ಇಳಿಸಿ ಸ್ವೆಟರ್ ಹಾಕಿಕೊಳ್ಳಿ ಎಂದು ಜನರಿಗೆ ನಿಜ ಹೇಳಿದ. ಮುಂದಿನ ಚುನಾವಣೆಯಲ್ಲಿ ಸೋತ. ಅವರು ಆಗಿನ್ನೂ ಬದುಕಿದ್ದರು, ಹಾಗಾಗಿ ಕಾರ್ಡು ಮಾಡದೆ ಬಾಯಿಮಾತಿನಲ್ಲಿ ಆ ಕಥೆ ಹೇಳಿದ್ದೆ. ಪ್ಲಾಂಟ್ ಮುಚ್ಚಿ ಅಪ್ಪ ಮನೆಯಲ್ಲಿ ಕೂತಿದ್ದ ಒಬ್ಬ ಹುಡುಗ, "ನಿಜ ಹೇಳಿದ, ಸೋತ. ಹಾಗಾದರೆ ನಾವು ಕಲಿಯಬೇಕಾದ್ದು ಏನು?" ಎಂದ. ಇನ್ನೊಬ್ಬರು ಅಧ್ಯಕ್ಷರಾಗುವ ಮೊದಲು ಸೇನಾಪತಿಯಾಗಿದ್ದರು. ಸಮುದ್ರ ದಾಟಿ ಸೈನ್ಯ ಕಳಿಸುವ ಹಿಂದಿನ ದಿನ, ಸೋತರೆ ತಪ್ಪೆಲ್ಲ ನನ್ನೊಬ್ಬನದೇ ಎಂದು ಚೀಟಿ ಬರೆದು ಜೇಬಿನಲ್ಲಿ ಇಟ್ಟುಕೊಂಡರು. ನನಗೆ ಆ ಕಾರ್ಡು ಬಹಳ ಇಷ್ಟ. ಅದೇ ತರಗತಿಯ ಒಬ್ಬ ಹುಡುಗಿ ಮೂಗು ಮುರಿದಳು: "ಗೆದ್ದರಲ್ಲ ಮಿಸೆಸ್ ಮೂರ್ತಿ, ಆ ಚೀಟಿಯಿಂದ ಅವರಿಗೆ ಏನೂ ನಷ್ಟವಾಗಲಿಲ್ಲ." ನಷ್ಟವಾದರೂ ಹಾಗೆ ಹೇಳುವ ಮನುಷ್ಯನನ್ನು ನಾನು ಆಗಿನ್ನೂ ನೋಡಿರಲಿಲ್ಲ.

ಡೆಟ್ರಾಯಿಟಿನ ಆ ಶಾಲೆ ಮುಚ್ಚಿತು. ಮುಚ್ಚುತ್ತದೆ ಎಂಬ ಸುದ್ದಿಯನ್ನು ನಮ್ಮ ಪ್ರಿನ್ಸಿಪಾಲರು ಸ್ಪೀಕರಿನಲ್ಲಿ ಹೇಳಿ, ಮಕ್ಕಳು ಕಾರಿಡಾರಿಗೆ ಬರುವಷ್ಟರಲ್ಲಿ ಕಾರು ಹತ್ತಿ ಹೋಗಿದ್ದರು. ನಾನು ಟ್ರಾಯ್ ಪಕ್ಕದ ಊರಿನ ಹೈಸ್ಕೂಲಿಗೆ ಬಂದೆ. ಅಲ್ಲಿ ನಮ್ಮವರ ಮಕ್ಕಳು ಬೇಕಾದಷ್ಟು. ಪ್ರಿನ್ಸಿಪಾಲರ ಹೆಸರು ಮಿಸ್ಟರ್ ಕೊವಾಲ್ಸ್ಕಿ, ಹಿಂದೆ ಕುಸ್ತಿ ಕೋಚ್ ಆಗಿದ್ದವರು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಹೆಸರನ್ನು ಒಮ್ಮೆಯೂ ಪೂರ್ತಿ ಹೇಳಲಿಲ್ಲ, "ಮಿಸೆಸ್ ಎಂ" ಎನ್ನುತ್ತಿದ್ದರು. ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದೊಯ್ಯಲು ಬಸ್ಸು ಕೇಳಿದರೆ ಕುಸ್ತಿ ತಂಡಕ್ಕೆ ಬೇಕು ಎನ್ನುತ್ತಿದ್ದರು. ಊಟದ ಹೊತ್ತಿನಲ್ಲಿ ಕೆಫೆಟೇರಿಯಾ ಕಾಯುವ ಕೆಲಸ ನನಗೇ ಬೀಳುತ್ತಿತ್ತು. ಮನೆಗೆ ಬಂದು ನಾನು ಅವರನ್ನು ಬೈಯದ ದಿನ ಕಡಿಮೆ.

ಅಷ್ಟರಲ್ಲಿ ಮಕ್ಕಳ ಕೈಗೆ ಫೋನು ಬಂತು. ಕಾರ್ಡಿನ ಎರಡು ಪದ ಒತ್ತಿದರೆ ಹೆಸರು ಸಿಗುತ್ತಿತ್ತು. ಫೋನನ್ನು ಬುಟ್ಟಿಗೆ ಹಾಕಿಸುತ್ತಿದ್ದೆ, ವಾಚಿನಲ್ಲಿ ನೋಡುತ್ತಿದ್ದರು. ಕೆಲಸದ ರೀತಿ ಬದಲಾಗಬೇಕಿತ್ತು, ನಾನು ಹಟಕ್ಕೆ ಬಿದ್ದು ಮುಂದುವರಿಸಿದೆ.

ರೋಹನ್ ಆ ವರ್ಷ ನನ್ನ ತರಗತಿಯಲ್ಲಿದ್ದ. ಹದಿನಾರರ ಹುಡುಗ, ಮಾತು ಕಡಿಮೆ. ಅವನ ತಂದೆ ಡಾಕ್ಟರ್ ಶ್ರೀಕಂಠ ಮೈಸೂರಿನವರೇ, ಹೃದಯದ ಡಾಕ್ಟರು, ದೇವಸ್ಥಾನದಲ್ಲಿ ಸಿಕ್ಕರೆ ನಿಂತು ಮಾತಾಡಿಸುವವರು. ರೋಹನ್ ಹೆಸರು ಹುಡುಕಿಕೊಂಡು ಬರೆದಿದ್ದ. ಬ್ಯಾಂಕಿನ ಕಾರ್ಡಿಗೆ ಹೊಗಳಿಕೆ. ಶಿಬಿರದ ಕಾರ್ಡಿಗೆ, ಇಷ್ಟು ದೊಡ್ಡ ಅಧ್ಯಕ್ಷರೇ ಮಾಡಿದ್ದಾರೆ ಎಂದರೆ ಅದಕ್ಕೆ ತಕ್ಕ ಕಾರಣ ಇದ್ದೇ ಇರುತ್ತದೆ ಎಂದು ಬರೆದಿದ್ದ. ಬಿ ಮೈನಸ್ ಕೊಟ್ಟೆ. ಹೆಸರು ನೋಡಿ ತೀರ್ಪು ಕೊಟ್ಟಿದ್ದೀಯ, ಕೆಲಸ ನೋಡಿ ಕೊಡು ಎಂದು ಕೆಳಗೆ ಬರೆದೆ.

ನಮ್ಮ ಮನೆಗಳಲ್ಲಿ ಬಿ ಮೈನಸ್ ಎಂದರೆ ಏನೆಂದು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ. ಶ್ರೀಕಂಠ ಅವರು ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿದರು, ಶಾಲೆಗಳನ್ನು ನಡೆಸಲು ಊರವರು ಆರಿಸಿದ ಸ್ಕೂಲ್ ಬೋರ್ಡಿನವರಿಗೂ ಪ್ರತಿ ಕಳಿಸಿದರು. ಕೇಳಿದ್ದು ಒಂದೇ, ಮಗನ ಗ್ರೇಡು ಸರಿಮಾಡಿ. ಆದರೆ ನಮ್ಮೂರಿನಲ್ಲಿ ಅರ್ಜಿ ಬರೆಯುವಾಗ ತೂಕಕ್ಕೆ ಎಂದು ಕೊನೆಗೆ ದೇಶ, ಸಂಸ್ಕೃತಿ, ಮುಂದಿನ ಪೀಳಿಗೆ ಎಂದೆಲ್ಲ ಸೇರಿಸುತ್ತೇವಲ್ಲ, ಹಾಗೆ ಅವರೂ ಒಂದು ವಾಕ್ಯ ಸೇರಿಸಿದರು: ಈ ಶಿಕ್ಷಕಿ ಮಕ್ಕಳಿಗೆ ರಾಷ್ಟ್ರನಾಯಕರನ್ನು ಅಗೌರವಿಸುವುದನ್ನು ಕಲಿಸುತ್ತಿದ್ದಾರೆ. ಮೈಸೂರಿನ ಕಚೇರಿಯಲ್ಲಿ ಆ ವಾಕ್ಯವನ್ನು ಗುಮಾಸ್ತರು ಓದದೆ ದಾಟಿ ಹೋಗುತ್ತಾರೆ. ಇಲ್ಲಿ ಬೋರ್ಡಿನ ಒಬ್ಬ ಸದಸ್ಯರು ಅದೊಂದನ್ನೇ ಕತ್ತರಿಸಿ ಊರವರ ಫೇಸ್‌ಬುಕ್ ಗುಂಪಿಗೆ ಹಾಕಿದರು. ವಾರದೊಳಗೆ ಮಕ್ಕಳೇ ಇಲ್ಲದವರೂ ನನ್ನ ಪಾಠದ ಬಗ್ಗೆ ಮಾತಾಡತೊಡಗಿದರು. ಮಹಾಪುರುಷನಿಗೆ ಅವಮಾನ ಎಂದು ಒಂದು ಗುಂಪು. ಶಿಬಿರದಂಥ ಅನ್ಯಾಯವನ್ನು ತಕ್ಕಡಿಗೆ ಹಾಕಿ ತೂಗುವುದೇ ಅವಮಾನ ಎಂದು ಇನ್ನೊಂದು ಗುಂಪು. ಕಾರ್ಡು ಓದಿದವರು ಎರಡೂ ಕಡೆ ಇರಲಿಲ್ಲ.

ಬೋರ್ಡಿನ ಸಭೆ ಗೊತ್ತಾಯಿತು. ನನ್ನದು ಖಾಯಂ ನೌಕರಿ, ಸುಲಭವಾಗಿ ತೆಗೆಯುವಂತಿರಲಿಲ್ಲ. ಆದರೆ ಶಿಸ್ತು ಕ್ರಮ ಎಂದು ದಾಖಲಾದರೆ ಉಳಿದ ವರ್ಷಗಳು ನರಕ. ಕೊವಾಲ್ಸ್ಕಿಯವರ ಕಾಂಟ್ರ್ಯಾಕ್ಟು ಆ ಬೇಸಿಗೆಗೇ ಮುಗಿಯುವುದಿತ್ತು, ಮುಂದುವರಿಸುವುದೂ ಬಿಡುವುದೂ ಬೋರ್ಡಿನ ಕೈಯಲ್ಲಿತ್ತು. ಅವರ ಹೆಂಡತಿಗೆ ಡಯಾಲಿಸಿಸ್ ನಡೆಯುತ್ತಿತ್ತು, ಅದರ ಖರ್ಚಿನ ಇನ್ಶೂರೆನ್ಸ್ ಅವರ ಕೆಲಸದ ಮೇಲೆ, ಕೆಲಸ ಹೋದರೆ ಅದೂ ಹೋದಂತೆ. ಇದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆ ಮನುಷ್ಯ ನನ್ನನ್ನು ಬಲಿ ಕೊಡುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಸಭೆಗೆ ಮುಂಚಿನ ಭಾನುವಾರ ಶ್ರೀಕಂಠ ದಂಪತಿ ನಮ್ಮ ಮನೆಗೆ ಬಂದರು. ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಬಾದಾಮಿ ಬರ್ಫಿ. ನಮ್ಮ ಯಜಮಾನರು, "ಓಹೋ, ನಿಶ್ಚಿತಾರ್ಥಕ್ಕೆ ಬಂದಂಗಿದೆ" ಎಂದರು.

"ಮೇಡಂ, ದಯವಿಟ್ಟು ತಪ್ಪು ತಿಳ್ಕೋಬೇಡಿ" ಎಂದರು ಡಾಕ್ಟರು. "ನಾನು ಬರ್ದಿದ್ದು ಬರೀ ಗ್ರೇಡಿಗೆ. ಆ ಲಾಸ್ಟ್ ಲೈನು ಸುಮ್ನೆ... ಬರೀತೀವಲ್ಲ, ಹಾಗೆ ಬರ್ದೆ. ಇಷ್ಟು ದೊಡ್ದಾಗತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ ಅಂತ ನಂಗೊತ್ತು ಡಾಕ್ಟ್ರೇ" ಎಂದೆ. "ಈಗ ನೀವು ಹೇಳಿದ್ದನ್ನೇ ಅಲ್ಲಿ ಬಂದು ಹೇಳಿ. ಬರೀ ಗ್ರೇಡಿನ ವಿಷಯ, ಬೇರೆ ಕಂಪ್ಲೇಂಟ್ ಏನೂ ಇಲ್ಲ ಅಂತ. ಎರಡು ನಿಮಿಷ ಸಾಕು. ಇಲ್ದೇ ಇದ್ರೆ ನನ್ನ ಕೆಲ್ಸಾನೋ ಪ್ರಿನ್ಸಿಪಾಲರ ಕೆಲ್ಸಾನೋ ಹೋಗತ್ತೆ."

ಅವರು ಹೆಂಡತಿಯ ಮುಖ ನೋಡಿದರು. ಆಕೆ ಬಳೆ ತಿರುಗಿಸುತ್ತ, "ಹುಡುಗನ ಹೆಸರು ಪೇಪರ್‌ಗೆ ಬಂದ್ಬಿಟ್ರೆ ಆಂಟಿ? ಮುಂದಿನ ವರ್ಷ ಕಾಲೇಜಿಗೆ ಅಪ್ಲೈ ಮಾಡ್ಬೇಕು" ಎಂದರು.

"ನೋಡೋಣ ಮೇಡಂ, ಖಂಡಿತ ಬರ್ತೀನಿ" ಎಂದು ಡಾಕ್ಟರು ಎದ್ದರು. ನಾನು ಕುಂಕುಮ ಕೊಟ್ಟು ಕಳಿಸಿದೆ. ಬಂದೇ ಬರುತ್ತಾರೆ ಎಂದು ನಂಬಿದೆ. ಮೈಸೂರಿನವರಲ್ಲವೇ ಎಂಬ ಹುಚ್ಚು ನಂಬಿಕೆ ಅದು.

ಅವರು ಬಂದರು, ನಿಜ. ಶಾಲೆಯ ಸಭಾಂಗಣದಲ್ಲಿ ಮೂರನೇ ಸಾಲಿನಲ್ಲಿ, ಪಕ್ಕದಲ್ಲಿ ರೋಹನ್. ಮಾತಾಡುವವರ ಪಟ್ಟಿಯಲ್ಲಿ ಹೆಸರನ್ನೂ ಕೊಟ್ಟಿದ್ದರು. ಜನ ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ನಿಂತು ಕೂಗಿ ಹೋದರು. ನನ್ನ ಸರದಿ ಬಂದಾಗ ಎರಡೂ ಕಾರ್ಡು ಓದಲು ಹೊರಟೆ. ಎರಡನೆಯದು ಮುಗಿಯುವ ಮುಂಚೆ ಸಮಯ ಆಯಿತೆಂದು ಕೆಂಪು ದೀಪ ಹತ್ತಿತು, ಮೈಕು ನಿಂತಿತು. ನಾಲ್ಕು ಜನ ಚಪ್ಪಾಳೆ ತಟ್ಟಿದ್ದು ನನ್ನ ಬಾಯಿ ಮುಚ್ಚಿದ್ದಕ್ಕೆ. ಆಮೇಲೆ ಡಾಕ್ಟರ ಹೆಸರು ಕೂಗಿದರು. ಅವರು ಅರ್ಧ ಎದ್ದರು. ಕ್ಯಾಮೆರಾಗಳು ಆ ಕಡೆ ತಿರುಗಿದವು. "ನೋ, ಥ್ಯಾಂಕ್ಯೂ" ಎಂದು ಕೂತುಬಿಟ್ಟರು, ಯಾರೋ ಎರಡನೇ ಸಲ ಪಾಯಸ ಬಡಿಸಲು ಬಂದರೆ ಬೇಡ ಎನ್ನುವ ಹಾಗೆ. ರೋಹನ್ ತಲೆ ಎತ್ತಿ ಅಪ್ಪನ ಮುಖವನ್ನು ನೋಡಿದ. ಸಭೆ ಮುಗಿಯುವವರೆಗೂ ನೋಡುತ್ತಲೇ ಇದ್ದ.

ಕೊನೆಗೆ ಬೋರ್ಡಿನ ಅಧ್ಯಕ್ಷೆ ಕೊವಾಲ್ಸ್ಕಿಯವರನ್ನು ಕೇಳಿದರು: "ಇಂಥ ಪಾಠಕ್ಕೆ ನಿಮ್ಮ ಅನುಮತಿ ಬೇಕಿತ್ತು. ಇದು ನಡೆಯುತ್ತಿದ್ದದ್ದು ನಿಮಗೆ ಗೊತ್ತಿರಲಿಲ್ಲ, ಅಲ್ಲವೇ?" ಅವರಿಗೆ ಬಾಗಿಲು ತೆರೆದುಕೊಟ್ಟಿದ್ದು ಎಲ್ಲರಿಗೂ ಕಂಡಿತು. ಹೌದು ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ; ಅವರು ನನ್ನ ತರಗತಿಗೆ ಕಾಲಿಟ್ಟವರೇ ಅಲ್ಲ.

ಅವರು ಮೈಕಿನ ಹತ್ತಿರ ಹೋಗದೆ ಕೂತಲ್ಲಿಂದಲೇ ಎದ್ದು ನಿಂತರು. "ಗೊತ್ತಿರಲಿಲ್ಲ" ಎಂದರು. "ಗೊತ್ತಿರಬೇಕಾದದ್ದು ನನ್ನ ಕೆಲಸ. ಆಕೆ ಆ ಕಾರ್ಡುಗಳನ್ನು ಪ್ರತಿ ವರ್ಷ ಪಾಠ ಮುಗಿದ ಮೇಲೆ ಕಾರಿಡಾರಿನ ಗೋಡೆಗೆ ಹಾಕುತ್ತಾರೆ, ನಾನು ದಿನವೂ ಅದರ ಮುಂದೆ ನಡೆದುಹೋಗುತ್ತೇನೆ, ನಿಂತು ಓದಿಲ್ಲ. ನನ್ನ ಕಟ್ಟಡದಲ್ಲಿ ಏನು ಕಲಿಸಿದರೂ ಅದು ನನ್ನದು. ಕ್ರಮ ತೆಗೆದುಕೊಳ್ಳುವುದಾದರೆ ನನ್ನ ಮೇಲೆ ತೆಗೆದುಕೊಳ್ಳಿ. ಆಕೆಯನ್ನು ಬಿಡಿ."

ಅಷ್ಟು ವರ್ಷ ಸತ್ತವರ ಕಾರ್ಡುಗಳಲ್ಲಿ ಹುಡುಕಿದ್ದು ನನ್ನ ಎದುರು ಬಿಗಿಯಾದ ಕೋಟು ಹಾಕಿಕೊಂಡು ನಿಂತಿತ್ತು. ಅದೇ ಮನುಷ್ಯನನ್ನು ನಾನು ಹಿಂದಿನ ಸಂಜೆಯೂ ಊಟ ಬಡಿಸುತ್ತ ಬೈದಿದ್ದೆ. ಬೋರ್ಡು ಅವರ ಮಾತನ್ನು ಚೆನ್ನಾಗಿಯೇ ಕೇಳಿಸಿಕೊಂಡಿತು. ನನ್ನನ್ನು ಬಿಟ್ಟಿತು, ಅವರ ಕಾಂಟ್ರ್ಯಾಕ್ಟು ಮುಂದುವರಿಸಲಿಲ್ಲ. ವೈಯಕ್ತಿಕ ಕಾರಣಗಳಿಂದ ನಿವೃತ್ತಿ ಎಂದು ಪ್ರಕಟಣೆ ಬಂತು. ಕೇಕ್ ಕೂಡ ತರಿಸಲಿಲ್ಲ.

ಅವರು ಕೋಣೆ ಖಾಲಿ ಮಾಡುತ್ತಿದ್ದ ದಿನ ಹೋಗಿ ಬಾಗಿಲಲ್ಲಿ ನಿಂತೆ. "ನಿಮ್ಮ ಹೆಂಡತಿಯ ಚಿಕಿತ್ಸೆಗೆ ಏನು ಮಾಡುತ್ತೀರಿ?" ಎಂದು ಕೇಳಿದೆ.

"ನೋಡಬೇಕು" ಎಂದು ಕುಸ್ತಿಯ ಕಪ್ಪೊಂದನ್ನು ಪೆಟ್ಟಿಗೆಗೆ ಹಾಕಿದರು. "ನಿಮಗೋಸ್ಕರ ಮಾಡಿದೆ ಅಂದುಕೊಳ್ಳಬೇಡಿ ಮಿಸೆಸ್ ಎಂ. ಆ ಪಾಠ ನನಗೆ ಈಗಲೂ ಹಿಡಿಸುವುದಿಲ್ಲ. ಕೆಫೆಟೇರಿಯಾದಲ್ಲಿ ಯಾರಿದ್ದಾರೆ ಈಗ? ನಿಮ್ಮ ಡ್ಯೂಟಿ ಅಲ್ಲವೇ?"

ಒಳ್ಳೆಯ ನಾಯಕ ಎಂದರೆ ಏನು ಎಂದು ಕೇಳಿದೆಯಲ್ಲ ಸಿಂಧು, ನನಗೆ ಗೊತ್ತಿರುವುದು ಇಷ್ಟೇ. ಅವನು ನಮಗೆ ಇಷ್ಟವಾಗುವವನೇ ಆಗಿರಬೇಕಿಲ್ಲ. ಅವನಿಂದ ನಮ್ಮ ಕಷ್ಟ ಕಡಿಮೆಯಾಗುತ್ತದೆ ಎಂದೂ ಇಲ್ಲ. ಜಾರಿಕೊಳ್ಳಲು ದಾರಿ ಇದ್ದಾಗ ಅವನು ಜಾರಿಕೊಳ್ಳುವುದಿಲ್ಲ, ಅದರ ಬೆಲೆಯನ್ನು ಅವನೂ ಅವನ ಮನೆಯವರೂ ತೆರುತ್ತಾರೆ. ಉಳಿದವರು ನೋಡಿ ಮನೆಗೆ ಹೋಗುತ್ತಾರೆ. ಇದನ್ನು ಸ್ಲೈಡಿಗೆ ಹೇಗೆ ಹಾಕುತ್ತೀಯೋ ನನಗೆ ತಿಳಿಯದು.

ಹೊಸದಾಗಿ ಬಂದ ಪ್ರಿನ್ಸಿಪಾಲರು ನಗುಮುಖದವರು, ನನ್ನ ಹೆಸರನ್ನು ತಪ್ಪಿಲ್ಲದೆ ಹೇಳುತ್ತಿದ್ದರು. ಕಾರ್ಡುಗಳನ್ನು ಕೇಳಿ ತೆಗೆದುಕೊಂಡು ಹೋದರು, ಜಿಲ್ಲೆಯ ಶಾಲಾ ಕಚೇರಿಯಿಂದ ಬಂದ ಸ್ಲೈಡುಗಳನ್ನು ಕೊಟ್ಟರು. ವಿಷಯ ಮುಗಿಸುವ ಸಲುವಾಗಿ ರೋಹನ್‌ನ ಬಿ ಮೈನಸ್ಸನ್ನು ಎ ಮಾಡಿದರು. ನನ್ನನ್ನು ಕೇಳಲಿಲ್ಲ.

ಮುಂದಿನ ಶರತ್ಕಾಲದ ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ರೋಹನ್ ನನ್ನ ಕೋಣೆಗೆ ಬಂದ. ಬ್ಯಾಗು ಕೂಡ ಇಳಿಸದೆ, "ಕ್ಯಾನ್ ಯು ಚೇಂಜ್ ಇಟ್ ಬ್ಯಾಕ್, ಮಿಸೆಸ್ ಮೂರ್ತಿ?" ಎಂದ.

ಎ ತೆಗೆದು ಮತ್ತೆ ಬಿ ಮೈನಸ್ ಮಾಡುವುದು ನನ್ನ ಕೈಯಲ್ಲಿಲ್ಲ ಕಣಪ್ಪಾ ಎಂದೆ. ಆಫೀಸಿನಲ್ಲಿ ಕೇಳಿದೆ, ನಕ್ಕರು ಎಂದ. ಮಿಸ್ಟರ್ ಕೊವಾಲ್ಸ್ಕಿಯವರ ಮನೆಗೂ ಹೋಗಿದ್ದನಂತೆ, ಒಬ್ಬನೇ. ಅವರು ಡ್ರೈವ್‌ವೇಯಲ್ಲಿ ಎಲೆ ಗುಡಿಸುತ್ತಿದ್ದರಂತೆ. ಇವನು ಹೇಳಿದ್ದನ್ನೆಲ್ಲ ಕೇಳಿ, "ಆ ಎ ಇಟ್ಟುಕೋ ಮಗೂ. ಇದರಿಂದ ಯಾರಿಗಾದರೂ ಏನಾದರೂ ಸಿಗಲಿ" ಎಂದರಂತೆ. ನಾನು ಹುಡುಗನ ಭುಜ ಮುಟ್ಟಿದೆ. ಅವನು ಹಿಂದೆ ಸರಿದು ಹೊರಟುಹೋದ.

ಕಿಟಕಿಯಿಂದ ನೋಡಿದೆ. ಡಾಕ್ಟರ ಕಾರು ಶಾಲೆಯ ಮುಂದೆ ಕಾಯುತ್ತಿತ್ತು. ರೋಹನ್ ಅದರ ಪಕ್ಕದಲ್ಲೇ ಹಾದು, ತಲೆ ತಿರುಗಿಸದೆ, ರಸ್ತೆಗೆ ಇಳಿದು ನಡೆಯತೊಡಗಿದ. ಅವರ ಮನೆಯಿದ್ದ ಬಡಾವಣೆ ಅಲ್ಲಿಂದ ಮೂರು ನಾಲ್ಕು ಮೈಲಿ, ಆ ರಸ್ತೆಗೆ ಫುಟ್‌ಪಾತ್ ಇಲ್ಲ. ಹುಡುಗ ಒದ್ದೆ ಹುಲ್ಲಿನ ಅಂಚಿನಲ್ಲಿ ನಡೆಯುತ್ತಿದ್ದ. ಹಿಂದೆಯೇ ಅಪ್ಪನ ಕಾರು, ಎರಡೂ ಕಡೆಯ ಹಳದಿ ದೀಪ ಮಿನುಗಿಸುತ್ತ, ಅವನ ನಡಿಗೆಯಷ್ಟೇ ನಿಧಾನವಾಗಿ ಹೋಗುತ್ತಿತ್ತು. ಹಿಂದಿನ ಕಾರುಗಳು ಹಾರ್ನ್ ಹೊಡೆದು ಪಕ್ಕದಲ್ಲಿ ದಾಟಿ ಹೋಗುತ್ತಿದ್ದವು. ಕಣ್ಣಿಗೆ ಕಾಣುವವರೆಗೂ ನೋಡಿದೆ. ಅಪ್ಪ ಗಾಜು ಇಳಿಸಲಿಲ್ಲ, ಮಗ ನಿಲ್ಲಲಿಲ್ಲ.